ಗ್ಲೆನೆಲ್ಗ್‌ನಲ್ಲಿ ನೀನು ಬಿಟ್ಟ ಕಾಫಿ

ವಿಮಲಾ, ಆ ದಿನ ನಮ್ಮ ಗಾಡಿ ರಸ್ತೆ ಬಿಟ್ಟು ಇಳಿದದ್ದು ನಿನ್ನ ಕಾಫಿಯಿಂದಲ್ಲ. ನನ್ನಿಂದ. ಸ್ಟಿಯರಿಂಗ್ ಹಿಡಿದಿದ್ದ ಹಾಗೆಯೇ ನನಗೆ ಪ್ರಜ್ಞೆ ತಪ್ಪಿತ್ತು. ತಪ್ಪಬಹುದು ಎಂದು ಹೊರಡುವ ಹದಿನೈದು ದಿನ ಮುಂಚೆಯೇ ಡಾಕ್ಟರು ಹೇಳಿದ್ದರು. ಗೊತ್ತಿದ್ದೂ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರ್ತ್‌ನಿಂದ ಬ್ರಿಸ್ಬೇನ್‌ವರೆಗೆ ಓಡಿಸಿದೆ.

ಇಷ್ಟು ಬರೆಯಲು ಏಳು ವರ್ಷ ಹಿಡಿಯಿತು. ನಲವತ್ತು ವರ್ಷ ಸಂಸಾರ ಮಾಡಿದವಳ ಎದುರು ಕೂತು ಹೇಳುವ ಧೈರ್ಯವಿಲ್ಲದೆ, ನೀನು ಅಡುಗೆಮನೆಯಲ್ಲಿರುವಾಗ ವರಾಂಡದಲ್ಲಿ ಕೂತು ಕಾಗದ ಗೀಚುತ್ತಿರುವ ಗಂಡಸು ನಾನು. ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಹೇಳದಿದ್ದರೆ ಎಲ್ಲೋ ಒಂದು ಕಡೆ ಜಾರಿಕೊಂಡುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ನಾನು ರಿಟೈರಾದ ವರ್ಷ ಅದು, 2012. ಪರ್ತ್‌ನ ಸದರ್ನ್ ರಿವರ್‌ನಲ್ಲಿದ್ದ ನಮ್ಮ ಮನೆಯ ಮುಂದೆ ಆ ಬಿಳಿ ಮೋಟರ್‌ಹೋಮ್ ಬಂದು ನಿಂತಿತು. ಹಾಸಿಗೆ, ಒಲೆ, ಫ್ರಿಜ್ ಎಲ್ಲ ಒಳಗೇ ಇರುವ ಗಾಡಿ. ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲೇ ನಾನು ಅಂಥ ಗಾಡಿಗಳನ್ನು ನೋಡಿ ಮರುಳಾಗಿದ್ದೆ. ತಲೆ ನರೆತ ಗಂಡ ಹೆಂಡತಿ ಮನೆಗೆ ಬೀಗ ಹಾಕಿ ದೇಶವಿಡೀ ತಿರುಗುವುದು, ಅವರಿಗೆ ಇಲ್ಲಿಯವರು ಗ್ರೇ ನೋಮ್ಯಾಡ್ಸ್ ಎನ್ನುವುದು — ನಮಗೂ ಒಂದು ದಿನ ಎಂದು ನಿನ್ನ ತಲೆ ತಿಂದಿದ್ದೆ. ಮಗಳು ನಂದಿನಿ ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಪಾಠ ಮಾಡುತ್ತಿದ್ದಳು. ‘ಫ್ಲೈಟ್ ಹತ್ತಿ ಬನ್ನಿ ಅಪ್ಪ, ಐದು ಗಂಟೆ’ ಎಂದಳು. ನಾನು ಕೇಳುವವನೇ? ರಸ್ತೆಯಲ್ಲೇ ಬರುತ್ತೇನೆ ಎಂದೆ.

ಈಗ ನಿನಗೆ ಗೊತ್ತಿಲ್ಲದ್ದು. ಒಂದು ಸೋಮವಾರ ನೀನು ಭಜನೆಗೆ ಹೋಗಿದ್ದಾಗ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಪೈಪಿನ ನೀರು ಅಂಗಿಯೊಳಗೆ ಹರಿಯುತ್ತಿತ್ತು. ಎಷ್ಟು ಹೊತ್ತು ಬಿದ್ದಿದ್ದೆನೋ. ಒದ್ದೆ ಬಟ್ಟೆ ಬದಲಾಯಿಸಿದೆ, ನಿನಗೆ ಹೇಳಲಿಲ್ಲ. ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿಗೂ ಹೋಗಲಿಲ್ಲ — ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದ ಹಾಸನದ ಹುಡುಗಿ ನಿನಗೆ ಫೋನ್ ಮಾಡಿ ‘ಆಂಟಿ, ಅಂಕಲ್ ಈಗ ಹೇಗಿದ್ದಾರೆ’ ಎಂದು ಕೇಳಿಯೇ ಕೇಳುತ್ತಾಳೆ. ನಮ್ಮವರ ಪ್ರೀತಿ ಅಂಥದ್ದು. ಹಳೆಯ ಸಹೋದ್ಯೋಗಿಯನ್ನು ನೋಡಿಬರುತ್ತೇನೆ ಎಂದು ನಿನಗೆ ಸುಳ್ಳು ಹೇಳಿ, ಒಂದು ಗಂಟೆ ದೂರದ ಜೂಂಡಲಪ್‌ಗೆ ಹೋಗಿ, ಪರಿಚಯವೇ ಇಲ್ಲದ ಡಾಕ್ಟರಿಗೆ ತೋರಿಸಿದೆ.

ಆತ ಎದೆಯ ಬಡಿತ ನೋಡಿ ಹುಬ್ಬು ಗಂಟಿಕ್ಕಿದ. ಹೃದಯದ ತಜ್ಞರಿಗೆ ಒಂದು ಕಾಗದ ಬರೆದುಕೊಟ್ಟ. ‘ಇವರು ನೋಡಿ ಹೇಳೋವರೆಗೂ ನೋ ಡ್ರೈವಿಂಗ್, ಮೇಟ್. ಅಂಗಡಿಗೂ ಇಲ್ಲ’ ಎಂದ. ಥ್ಯಾಂಕ್ಯೂ ಹೇಳಿ ಹೊರಗೆ ಬಂದು ಕಾರು ಹತ್ತಿ ಮನೆಗೆ ಓಡಿಸಿಕೊಂಡು ಬಂದೆ. ಕಾಗದವನ್ನು ಮೋಟರ್‌ಹೋಮಿನ ಮುಂದಿನ ಡಬ್ಬಿಯಲ್ಲಿ, ಗಾಡಿಯ ಪುಸ್ತಕದ ಅಡಿಗೆ ತಳ್ಳಿದೆ. ಬ್ರಿಸ್ಬೇನ್ ತಲುಪಿದ ಮೇಲೆ ನೋಡೋಣ ಅಂದುಕೊಂಡೆ. ಆ ಡಬ್ಬಿ ನಿನ್ನ ಸೀಟಿನ ಮುಂದೆಯೇ ಇದ್ದದ್ದು, ವಿಮಲಾ. ಅಷ್ಟು ದೂರವೂ ಆ ಕಾಗದ ನಿನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು. ಗಾಡಿಯ ಕಾಗದಪತ್ರ ನನ್ನ ವ್ಯವಹಾರ ಎಂದು ನೀನು ಒಂದು ಸಲವೂ ತೆಗೆದು ನೋಡಲಿಲ್ಲ.

ಹೊರಡುವ ದಿನ ನೀನು ಚಕ್ರಗಳಿಗೆ ನಿಂಬೆಹಣ್ಣು ಇಟ್ಟೆ, ಆರತಿ ಎತ್ತಿದೆ, ಮುಂದಿನ ಬಂಪರಿಗೆ ನಿಂಬೆ ಮೆಣಸಿನಕಾಯಿ ಕಟ್ಟಿದೆ. ಆಮೇಲೆ, ಐವತ್ತಾರನೇ ವಯಸ್ಸಿನಲ್ಲಿ ಹಟ ಹಿಡಿದು ಲೈಸೆನ್ಸ್ ತೆಗೆದುಕೊಂಡಿದ್ದ ನೀನು, ‘ನಡುನಡುವೆ ನಾನೂ ಓಡಿಸ್ತೀನಿ ರೀ, ನಿಮಗೂ ರೆಸ್ಟ್ ಆಗುತ್ತೆ’ ಎಂದೆ.

‘ಇದನ್ನೇನು ಶಾಪಿಂಗ್ ಟ್ರಾಲಿ ಅಂದ್ಕೊಂಡ್ಯಾ?’ ಎಂದೆ ನಾನು. ನೀನು ನಕ್ಕೆ.

ನಗಬಾರದಿತ್ತು ನೀನು. ನಾಲ್ಕು ಮಾತು ಬೈಯಬೇಕಿತ್ತು.

ನಲ್ಲಾರ್ಬಾರ್ ಬಯಲಿನಲ್ಲಿ ತೊಂಬತ್ತು ಮೈಲಿ ಒಂದೂ ತಿರುವಿಲ್ಲದ ರಸ್ತೆ ಇದೆಯಲ್ಲ — ಮೂರನೆಯ ದಿನ, ಬೆಳಿಗ್ಗೆ ಹತ್ತೂವರೆ ಹನ್ನೊಂದು. ಎರಡೂ ಕಡೆ ಕುರುಚಲು, ಮೇಲೆ ಬರೀ ಆಕಾಶ. ನೀನು ಫ್ಲಾಸ್ಕ್ ತೆರೆದೆ. ಕಾಫಿಯ ವಾಸನೆ ಬಂದದ್ದು ನೆನಪಿದೆ. ನೀನು ಸ್ಟೀಲ್ ಲೋಟದ ಮೇಲೆ ಕಣ್ಣಿಟ್ಟು, ತುಳುಕದ ಹಾಗೆ, ಬಲಗೈ ಚಾಚಿ ‘ತಗೊಳ್ಳಿ’ ಎಂದದ್ದು ನೆನಪಿದೆ. ರಸ್ತೆಯ ತುದಿ ಸಣ್ಣಗಾಗುತ್ತಾ ಹೋಯಿತು. ಆಮೇಲೆ ಇಲ್ಲ — ಏನೂ ಇಲ್ಲ.

‘ರೀ!’ ಎಂಬ ನಿನ್ನ ಕೂಗು. ಚಕ್ರದ ಕೆಳಗೆ ಜಲ್ಲಿಕಲ್ಲಿನ ಸದ್ದು. ಗಾಡಿ ಎದುರಿನ ಸಾಲನ್ನೂ ದಾಟಿ ಬಲಗಡೆಯ ಮಣ್ಣಿಗೆ ಇಳಿದಿತ್ತು. ಬ್ರೇಕ್ ಒತ್ತಿದೆ. ಪೊದೆಗಳನ್ನು ಸವರಿಕೊಂಡು ಹೋಗಿ ನಿಂತಿತು. ಸುಡುವ ಕಾಫಿ ನಿನ್ನ ಮುಂಗೈಯಿಂದ ಮೊಣಕೈವರೆಗೆ ಚೆಲ್ಲಿತ್ತು. ಎರಡು ನಿಮಿಷವೂ ಆಗಿರಲಿಲ್ಲ, ನಾವು ಅಡ್ಡ ದಾಟಿದ ಅದೇ ಸಾಲಿನಲ್ಲಿ ಮೂರು ಟ್ರೇಲರ್ ಎಳೆದುಕೊಂಡು ಒಂದು ರೋಡ್ ಟ್ರೈನ್ ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ನಮ್ಮ ಗಾಡಿಯಿಡೀ ಅದುರಿತು.

‘ಏನಾಯ್ತು ರೀ?’ ಎಂದು ಕೇಳಿದೆ. ಕೈ ಸುಟ್ಟುಕೊಂಡವಳು ನೀನು, ಕೇಳಿದ್ದು ನನ್ನನ್ನು.

ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

‘ನಿನ್ನ ಹಾಳು ಕಾಫಿ ಆಯ್ತು! ಓಡಿಸೋವಾಗ ಮುಖದ ಮುಂದೆ ಲೋಟ ಹಿಡಿದ್ರೆ ಇನ್ನೇನಾಗುತ್ತೆ? ನನ್ನ ಕೊಂದೇ ಬಿಡ್ತಿದ್ದೆ ನೀನು!’

ಗಾಬರಿಯಲ್ಲಿ ಬಂದ ಮಾತು ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಗಾಬರಿ ಅರ್ಧ ಗಂಟೆಯಲ್ಲಿ ಇಳಿಯಿತು, ಮಾತನ್ನು ಮಾತ್ರ ನಾನು ಹಿಂದೆ ತೆಗೆದುಕೊಳ್ಳಲಿಲ್ಲ.

ನಮ್ಮ ಹಿಂದೆ ಕಾರವಾನ್ ಎಳೆದುಕೊಂಡು ಬರುತ್ತಿದ್ದ ಮುದುಕ ಮುದುಕಿ ನಿಲ್ಲಿಸಿದರು. ಆಕೆ ನಿನ್ನ ತೋಳಿನ ಮೇಲೆ ಬಾಟಲಿಗಟ್ಟಲೆ ನೀರು ಸುರಿದಳು. ಆತ ನನ್ನನ್ನೇ ನೋಡುತ್ತಾ ನಿಂತ. ‘ನಿಧಾನಕ್ಕೆ ಜಾರಿ ಹೋದೆ ನೀನು. ಮಣ್ಣಿಗೆ ಇಳಿಯುವವರೆಗೂ ಬ್ರೇಕ್ ದೀಪವೇ ಬರಲಿಲ್ಲ. ನಿದ್ದೆ ಹತ್ತಿತಾ, ಮೇಟ್?’ ಎಂದು ಇಂಗ್ಲಿಷಿನಲ್ಲಿ ಕೇಳಿದ. ಎಲ್ಲ ಕಂಡವನು ಅವನೊಬ್ಬನೇ. ನಾನು ಬಾಯಿ ತೆರೆಯುವ ಮೊದಲೇ ನೀನು, ನೀರು ಸೋರುವ ಕೈ ಎತ್ತಿ, ನಿನ್ನ ಇಂಗ್ಲಿಷಿನಲ್ಲಿ ಅಂದೆ: ‘ನೋ ನೋ, ಹೀ ಈಸ್ ಗುಡ್ ಡ್ರೈವರ್. ಮೈ ಮಿಸ್ಟೇಕ್. ಐ ಗೇವ್ ಕಾಫಿ.’

ನಾನು ಅವನ ಕಣ್ಣು ತಪ್ಪಿಸಿ ಟಯರು ನೋಡುವವನಂತೆ ಬಗ್ಗಿದೆ.

ಅಲ್ಲಿಂದ ಅಡಿಲೇಡ್‌ವರೆಗೆ ನಾನು ಹೇಗೆ ಓಡಿಸಿದೆ ಎಂದು ನಿನಗೆ ಗೊತ್ತಿಲ್ಲ. ಮಂಡಿನೋವು ಎಂದು ಗಂಟೆಗೊಮ್ಮೆ ನಿಲ್ಲಿಸುತ್ತಿದ್ದೆನಲ್ಲ, ಮಂಡಿಗೆ ಏನೂ ಆಗಿರಲಿಲ್ಲ. ಎದುರಿಗೆ ಲಾರಿ ಕಂಡರೆ ಉಸಿರು ಹಿಡಿಯುತ್ತಿದ್ದೆ, ಅದು ದಾಟಿದ ಮೇಲೆ ಬಿಡುತ್ತಿದ್ದೆ. ನಾಲಿಗೆ ಕಚ್ಚಿಕೊಂಡು ಎಚ್ಚರವಿದ್ದೇನೆಯೇ ಎಂದು ಪರೀಕ್ಷಿಸುತ್ತಿದ್ದೆ. ನೀನು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ನನಗೆ ಅಡ್ಡಿಯಾಗಬಾರದೆಂದು ಬಾಗಿಲಿಗೆ ಒತ್ತಿ ಕೂತಿರುತ್ತಿದ್ದೆ. ಸೆಡ್ಯುನಾದ ತಪಾಸಣೆಯಲ್ಲಿ ಹಣ್ಣು ತರಕಾರಿ ದಾಟಿಸುವಂತಿಲ್ಲ ಎಂದು ಬಂಪರಿನ ನಿಂಬೆಹಣ್ಣನ್ನು ಕಿತ್ತುಕೊಂಡರು. ಆಗಷ್ಟೇ ನೀನು ಅತ್ತದ್ದು. ‘ಅದೊಂದು ಇತ್ತು ರೀ ನಮ್ಮನ್ನ ಕಾಯೋಕೆ’ ಎಂದೆ. ನನಗೆ ನಾಚಿಕೆಯಿಂದ ಸಾಯುವಂತಾಯಿತು — ಸಾಯಲಿಲ್ಲ, ಗಾಡಿ ಸ್ಟಾರ್ಟ್ ಮಾಡಿದೆ.

ಅಡಿಲೇಡ್‌ನಲ್ಲಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋದೆವು. ಸಂಜೆ ಐದು. ನೀನು ಗಾಡಿಯಲ್ಲಿ ಕಾಫಿ ಬೆರೆಸಿ, ಒಂದೇ ಒಂದು ಲೋಟ, ಸೆರಗು ಮುಚ್ಚಿ ತಂದೆ. ನನಗೆ ಇರಬೇಕು ಅಂದುಕೊಂಡೆ. ನೀನು ನೀರಿಗೆ ಇಳಿದು ಅದನ್ನು ಅಲೆಗೆ ಸುರಿದೆ, ಎಡಗೈಯಲ್ಲಿ ನೀರು ಹಿಡಿದು ಕಣ್ಣಿಗೆ ಒತ್ತಿಕೊಳ್ಳಲು ಹೋಗಿ, ಎಡಗೈ ಬೇಡವೆಂದು ಬ್ಯಾಂಡೇಜಿನ ಬಲಗೈಯನ್ನೇ ಅದ್ದಿದೆ.

‘ಕಾಶಿಗೆ ಹೋದ್ರೆ ಇಷ್ಟವಾದ್ದೊಂದು ಬಿಟ್ಟು ಬರಬೇಕು ಅಂತಾರಲ್ಲ. ಕಾಶಿ ನಮ್ಮ ಹಣೇಲಿ ಇದ್ಯೋ ಇಲ್ವೋ. ಇಲ್ಲೇ ಬಿಟ್ಟೆ ರೀ. ಇನ್ನು ನಾನು ಕಾಫಿ ಮುಟ್ಟಲ್ಲ. ನಿಮ್ಮ ಜೀವ ಉಳೀತಲ್ಲ, ಸಾಕು.’

ನನ್ನ ಅಜ್ಜಿ ಕಾಶಿಯಲ್ಲಿ ಹಾಗಲಕಾಯಿ ಬಿಟ್ಟು ಬಂದಿದ್ದಳು. ಅವಳಿಗೆ ಅದು ಮೊದಲಿನಿಂದಲೂ ಸೇರುತ್ತಿರಲಿಲ್ಲ. ಮನೆಯವರೆಲ್ಲ ಅದನ್ನು ಹೇಳಿ ನಗುತ್ತಿದ್ದರು. ನೀನು ಬಿಟ್ಟದ್ದು ಕಾಫಿ. ಪರ್ತ್‌ಗೆ ಬಂದ ಹೊಸದರಲ್ಲಿ ಚಿಕೋರಿ ಸಿಗದೆ ಎರಡು ವಾರ ಮುಖ ಊದಿಸಿಕೊಂಡಿದ್ದವಳು. ಬೆಳಿಗ್ಗೆ ಆರಕ್ಕೆ ಇಬ್ಬರೂ ಲೋಟ ಹಿಡಿದು ಕೂತ ಮೇಲೆಯೇ ನಮ್ಮ ಮನೆಯಲ್ಲಿ ಮೊದಲ ಮಾತು ಹುಟ್ಟುತ್ತಿದ್ದದ್ದು. ಅದನ್ನು ನೀನು ಬಿಟ್ಟೆ — ನನ್ನ ಸುಳ್ಳಿಗಾಗಿ.

ಆಗ ಹೇಳಬಹುದಿತ್ತು. ಇನ್ನೂ ಲೋಟ ಒದ್ದೆಯಾಗಿತ್ತು. ‘ನಿಂಗೇನು ಹುಚ್ಚಾ?’ ಎಂದಷ್ಟೇ ಅಂದೆ. ಒಳಗೆ ಏನಾಯಿತು ಎಂದು ಹೇಳಿಬಿಡುತ್ತೇನೆ: ನನಗೆ ನಿರಾಳವಾಯಿತು. ತಪ್ಪು ನಿನ್ನದೆಂದು ನೀನೇ ಒಪ್ಪಿ, ಪ್ರಾಯಶ್ಚಿತ್ತವೂ ಮುಗಿಯಿತಲ್ಲ, ಇನ್ನು ಯಾರೂ ಕೇಳುವುದಿಲ್ಲ ಎಂದು ನಿರಾಳವಾಯಿತು. ಪ್ರಜ್ಞೆ ತಪ್ಪಿದ್ದಕ್ಕಿಂತ, ಬೈದದ್ದಕ್ಕಿಂತ, ನನ್ನನ್ನು ಹೆಚ್ಚು ಕಾಡುವುದು ಇದು.

ಬ್ರಿಸ್ಬೇನ್ ತಲುಪಿದೆವು. ನಂದಿನಿಯ ಸ್ನೇಹಿತರೆಲ್ಲ ಸೇರಿ ನದಿಯ ಪಕ್ಕದ ಪಾರ್ಕಿನಲ್ಲಿ ಬಾರ್ಬೆಕ್ಯೂ ಇಟ್ಟುಕೊಂಡರು, ನಮಗೆ ಬೇರೆ ತವೆಯಲ್ಲಿ ಜೋಳ, ಪನೀರು. ‘ಅಂಕಲ್, ಸಖತ್ ಅಡ್ವೆಂಚರ್ ಮಾಡ್ಬಿಟ್ರಿ’ ಎಂದರು. ನೀನು ತೋಳಿನ ಕಲೆ ತೋರಿಸಿ, ಕಾಫಿ ಕೊಡಲು ಹೋಗಿ ಗಂಡನನ್ನೇ ಕೊಲ್ಲುತ್ತಿದ್ದ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ನಾನೂ ನಕ್ಕೆ. ಆಮೇಲೆ ಎಷ್ಟು ಮನೆಗಳಲ್ಲಿ, ಎಷ್ಟು ಹಬ್ಬದ ಊಟಗಳಲ್ಲಿ ನೀನು ಅದನ್ನು ಹೇಳಿಲ್ಲ, ನಾನು ನಕ್ಕಿಲ್ಲ!

ಐದು ತಿಂಗಳ ಮೇಲೆ ನದಿಯ ಫೆರ್ರಿ ಕಟ್ಟೆಯಲ್ಲಿ ಬಿದ್ದೆ. ಈ ಸಲ ಹತ್ತು ಜನ ನೋಡಿದರು. ಆಸ್ಪತ್ರೆ, ಎದೆಯೊಳಗೆ ಪೇಸ್‌ಮೇಕರ್. ‘ಹಿಂದೆ ಯಾವಾಗಲಾದರೂ ಹೀಗಾಗಿತ್ತಾ?’ ಎಂದು ಡಾಕ್ಟರು ಕೇಳಿದಾಗ ನೀನು ಮಂಚದ ಪಕ್ಕದಲ್ಲೇ ಇದ್ದೆ. ‘ಇಲ್ಲ’ ಎಂದೆ ನಾನು. ಅವರು ಹೋದ ಮೇಲೆ ನೀನು ನನ್ನ ಕಾಲ ಮೇಲೆ ಕೈಯಿಟ್ಟು ಹೇಳಿದೆ: ‘ಅವತ್ತು ನಾನು ಹೆದರಿಸಿದ್ದಕ್ಕೇ ನಿಮ್ಮ ಎದೆ ಹೀಗಾಯ್ತು. ಕ್ಷಮಿಸಿಬಿಡ್ರೀ.’

ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂತೆಂದು ನೀನು ಹೊದಿಕೆ ಸರಿಮಾಡಿದೆ.

ಅಂದಿನಿಂದ ನಾವೂ ಇಲ್ಲೇ ಉಳಿದೆವು, ಗಾಡಿಯೂ ನಂದಿನಿಯ ಮನೆಯ ಪಕ್ಕ ನಿಂತೇ ಇದೆ. ನಾನು ಮತ್ತೆ ಅದನ್ನು ಓಡಿಸಲಿಲ್ಲ. ನೀನು ಯಾವ ಕಾರನ್ನೂ ಓಡಿಸಲಿಲ್ಲ, ಮುಂದಿನ ಸೀಟಿನಲ್ಲಿ ಕೂರಲೂ ಇಲ್ಲ. ಈ ಶನಿವಾರ ಕೊಳ್ಳುವವರು ಬರುತ್ತಾರೆಂದು ನಿನ್ನೆ ಒಳಗೆ ಗುಡಿಸಲು ಹೋದೆ. ಗಾಡಿಯ ಪುಸ್ತಕ ಎತ್ತಿದರೆ ಅಡಿಯಲ್ಲಿ ಆ ಕಾಗದ, ಮಡಿಚಿದ ಗೆರೆ ಕೂಡ ಮಾಸಿರಲಿಲ್ಲ. ಅದರ ತುದಿಯಲ್ಲಿ ಒಂದು ಕಂದು ಕಲೆ. ಆ ದಿನ ಡಬ್ಬಿಯ ಸಂದಿನಲ್ಲಿ ಇಳಿದ ಕಾಫಿ.

ಹರಿದು ಹಾಕಬಹುದಿತ್ತು. ಸುಳ್ಳೇಕೆ, ಹರಿಯಲು ಎರಡೂ ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ನೀನು ಹಿತ್ತಲಿನಿಂದ ‘ನಿಮ್ಮ ಕಾಫಿ ಆರ್ತಿದೆ, ಬನ್ನಿ ರೀ’ ಎಂದು ಕೂಗಿದೆ.

ಇದನ್ನು ಓದಿದ ಮೇಲೆ ನೀನು ಏನು ಮಾಡುತ್ತೀಯೋ ನನಗೆ ತಿಳಿಯದು. ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ನಂದಿನಿಗೆ ನಾನೇ ಹೇಳುತ್ತೇನೆ, ಆ ಕಥೆ ಕೇಳಿ ನಕ್ಕ ಎಲ್ಲರಿಗೂ ನಾನೇ ಹೇಳುತ್ತೇನೆ. ಆದರೆ ನೀನು ಒಮ್ಮೆ ಬಿಟ್ಟದ್ದನ್ನು ಮತ್ತೆ ಮುಟ್ಟುವವಳಲ್ಲ, ನಿನ್ನ ಹಟ ನನಗೆ ಗೊತ್ತು. ನಾನು ಸತ್ಯ ಹೇಳಿದರೂ ನಿನ್ನ ಕಾಫಿ ನಿನಗೆ ವಾಪಸು ಬರುವುದಿಲ್ಲ. ಏಳು ವರ್ಷದ ಬೆಳಗಿನ ಆರು ಗಂಟೆಗಳು ಬರುವುದಿಲ್ಲ.

ನಾಲ್ಕಾಗುತ್ತಾ ಬಂತು. ಫಿಲ್ಟರಿನ ಮೇಲ್ಭಾಗವನ್ನು ನೀನು ತಟ್ಟುವ ಸದ್ದು ಕೇಳುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ಬರುತ್ತೀಯ. ಆ ದಿನದಿಂದ ನೀನು ಲೋಟವನ್ನು ನನ್ನ ಕೈಗೆ ಕೊಟ್ಟದ್ದಿಲ್ಲ — ಗಮನಿಸಿದ್ದೇನೆ, ಗಮನಿಸಿಲ್ಲದವನಂತೆ ಇದ್ದೇನೆ. ಮೇಜಿನ ಮೇಲೆ ಇಟ್ಟು, ಬೇಗ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೀಯ.

ಇವತ್ತು ನೀನು ಲೋಟ ಇಡುವ ಜಾಗದಲ್ಲಿ ಈ ಹಾಳೆಗಳಿರುತ್ತವೆ, ಮೇಲೆ ಆ ಕಾಗದ.