ಮರಳಿನ ಮೇಲೆ ಹಿಮದ ಪಾಠ

ಕಾರು ಹತ್ತುವಾಗ ನರ್ಸ್ ಬಾಯಿ ಬಲಗಾಲಿನ ಚಪ್ಪಲಿ ಮಾತ್ರ ಬಿಚ್ಚುತ್ತಿದ್ದರು. ಎಡಗಾಲಿನದು ಕಾಲಲ್ಲೇ ಇರುತ್ತಿತ್ತು. ಬಿಚ್ಚಿದ ಚಪ್ಪಲಿಯನ್ನು ಸೀಟಿನ ಹಿಂದಕ್ಕೆ ತಳ್ಳಿ, ಬರಿಗಾಲನ್ನು ಪೆಡಲಿನ ಮೇಲಿಟ್ಟು, ರೋಗಿಯ ಹಣೆ ಮುಟ್ಟಿ ನೋಡುವವರ ಹಾಗೆ ಒಂದು ಕ್ಷಣ ಸುಮ್ಮನಿರುತ್ತಿದ್ದರು. ಆ ಪಾದ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಗಲವಾದ, ಬಿರುಕೇ ಇಲ್ಲದ, ತೆಂಗಿನೆಣ್ಣೆ ತಿಕ್ಕಿ ತಿಕ್ಕಿ ಹೊಳಪು ಬಂದ ಪಾದ. ಕಿರುಬೆರಳಿಗೆ ಮಾತ್ರ ಉಗುರಿಲ್ಲ. ಉಗುರು ಎಲ್ಲಿ ಹೋಯಿತೆಂದು ನನ್ನ ಮಗಳು ಕೇಳಿದರೆ, "ಆಸ್ಟ್ರಿಯಾದಲ್ಲಿ ಉಂಟು" ಎನ್ನುತ್ತಿದ್ದರು.

ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಒಂದು ದೊಡ್ಡ ವಿಲ್ಲಾವನ್ನು ನಡುವೆ ಗೋಡೆ ಹಾಕಿ ಹಲವು ಮನೆಗಳಾಗಿ ಒಡೆದಿದ್ದರು. ನಾವು ಕೆಳಗಿನ ಮನೆ. ಬಾಯಿ ಮತ್ತು ಅವರ ಮಗ ಮೇಲಿನ ಮನೆ. ಮಗ ದಿನವೂ ದುಬೈಗೆ ಕೆಲಸಕ್ಕೆ ಹೋಗಿಬರುವವರು. ಬಾಯಿ ಮಂಗಳೂರಿನವರು, ಕೊಂಕಣಿ ಮನೆಮಾತು. ಇನ್ನೂ ಚಿಕ್ಕ ವಯಸ್ಸಿನಲ್ಲೇ ಆಸ್ಟ್ರಿಯಾದ ಬೆಟ್ಟದೂರೊಂದರ ಆಸ್ಪತ್ರೆಗೆ ನರ್ಸಾಗಿ ಹೋಗಿದ್ದರಂತೆ. ಅಲ್ಲಿ ಹಾಸಿಗೆ ಹಿಡಿದ ಮುದುಕರ ಮನೆಮನೆಗೆ ಕಾರಿನಲ್ಲಿ ಹೋಗಿ ಗಾಯ ತೊಳೆದು ಬರುವುದು ಅವರ ಕೆಲಸ. ಆಮೇಲೆ ಅಬುಧಾಬಿಯ ಆಸ್ಪತ್ರೆಯಲ್ಲಿ ದಶಕಗಳ ದುಡಿಮೆ, ಈಗ ನಿವೃತ್ತಿ. ಇಡೀ ಬೀದಿಗೇ ಅವರು ನರ್ಸ್ ಬಾಯಿ; ಕೊಂಕಣಿಯಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತದು.

ನನ್ನವರು ಗಂಟೆಗಟ್ಟಲೆ ದೂರದ ರುವೈಸ್‌ನ ರಿಫೈನರಿಯಲ್ಲಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಬ್ಯಾಚುಲರ್ ಕ್ವಾರ್ಟರ್ಸ್, ಸಂಸಾರಕ್ಕೆ ಜಾಗವಿಲ್ಲ. ಭಾನುವಾರ ನಸುಕಿಗೆ ಕಂಪನಿ ಬಸ್ಸಿನಲ್ಲಿ ಹೋದರೆ ಗುರುವಾರ ಸಂಜೆಯೇ ಮನೆ. ಅಂಥವರು ದುಬೈಯ ಅಲ್ ಕೂಜ್‌ನ ಗ್ಯಾರೇಜೊಂದರಲ್ಲಿ ಕಣ್ಣಿಗೆ ಬಿದ್ದ ಹಳೆಯ ಸ್ಪೋರ್ಟ್ಸ್ ಕಾರನ್ನು, ಕಾಲೇಜು ದಿನಗಳಿಂದ ಕಂಡ ಕನಸೆಂದು, ಮನೆಗೆ ತಂದರು. ಎರಡೇ ಬಾಗಿಲು, ನೆಲಕ್ಕಂಟಿದಂತಹ ಸೀಟು, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಕನಸು ಅವರದ್ದಾದರೂ ವಾರದ ಐದು ದಿನ ಅದನ್ನು ಓಡಿಸಬೇಕಾದವಳು ನಾನು. ಮಂಡಿ ಜೋಡಿಸಿ ಕೂರುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಶ್ರದ್ಧೆಯಿಂದ ಕಲಿಸಿದ್ದರು. ಆ ಕಾರಿನಿಂದ ಸೀರೆಯುಟ್ಟು ಮರ್ಯಾದೆಯಾಗಿ ಇಳಿಯುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಶಾಲೆಯ ಗೇಟಿನಲ್ಲಿ ಬೇರೆ ತಾಯಂದಿರು ನನ್ನನ್ನು ನೋಡುತ್ತಿದ್ದ ರೀತಿಗೆ ನಾನು ಬ್ಯಾಗು ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಬಾಯಿ ಆ ಕಾರಿಗೆ ಇಟ್ಟ ಹೆಸರು 'ಸವತಿ'. "ಸವತಿಗೆ ಸ್ನಾನ ಮಾಡಿಸಿದ್ಯಾ?" ಎಂದು ಮೇಲಿನ ಕಿಟಕಿಯಿಂದ ಕೇಳುವರು.

ಅಲ್ಲಿ ಮಳೆ ಎಂದರೆ ವರ್ಷಕ್ಕೆ ಬೆರಳೆಣಿಕೆಯ ದಿನ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ಎಲ್ಲ ಮೊದಲ ಹನಿಗೆ ಸಾಬೂನಾಗುತ್ತದೆ. ನನಗದು ತಿಳಿದಿರಲಿಲ್ಲ. ಮಳೆಯೆಂದರೆ ಹಿಗ್ಗುವ ಕರಾವಳಿಯವಳು ನಾನು. ಮಗಳನ್ನು ಶಾಲೆಯಿಂದ ಕರೆತರುವಾಗ ಕಿಟಕಿ ಚೂರು ಇಳಿಸಿ ಮಣ್ಣಿನ ವಾಸನೆ ಕುಡಿಯುತ್ತಾ ಬರುತ್ತಿದ್ದೆ. ವೃತ್ತದಿಂದ ಹೊರಬೀಳುವಾಗ, ಹಿಂದಿನ ಲಾರಿಗೆ ದಾರಿ ಬಿಡಲೆಂದು ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದೆ. ಕಾರಿನ ಹಿಂಭಾಗ ಬಾಲದಂತೆ ಬೀಸಿತು. ಗಾಬರಿಯಲ್ಲಿ ಬ್ರೇಕ್ ತುಳಿದೆ. ಖರ್ಜೂರದ ಮರಗಳು, ಲಾರಿ, ಬೋರ್ಡು ಎಲ್ಲ ಗಾಜಿನ ಮುಂದೆ ಅರ್ಧ ಸುತ್ತು ಹಾಯ್ದು ನಿಂತವು. ಲಾರಿಯವನು ಹೇಗೋ ನಿಲ್ಲಿಸಿದ್ದ. ಅವನ ಮುಖ ಈಗ ನನ್ನೆದುರಿಗಿತ್ತು. ಹಿಂದಿನ ಸೀಟಿನಿಂದ ಮಗಳು ಶಾಂತವಾಗಿ ಕೇಳಿದಳು: "ಮಮ್ಮಾ, ಆರ್ ವಿ ಫೇಸಿಂಗ್ ದ ರಾಂಗ್ ವೇ?"

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಗುರುವಾರ ನಾನು ಕೀಲಿಯನ್ನು ನನ್ನವರ ಕೈಗಿಟ್ಟು, ಇನ್ನು ಮುಂದೆ ಯಾವ ಕಾರನ್ನೂ ಓಡಿಸುವುದಿಲ್ಲ ಎಂದುಬಿಟ್ಟೆ. ಮಗಳಿಗೆ ಉಬ್ಬಸವಿತ್ತು. ಯಾವ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾದೀತೋ ಹೇಳಲಾಗದು. ಕಾರು ಓಡಿಸದ ಹೆಂಗಸು ಗಂಡನಿಲ್ಲದ ಮನೆಯಲ್ಲಿ ಆ ಮಗುವನ್ನಿಟ್ಟುಕೊಂಡು ಅಲ್ಲಿರುವುದು ಹೇಗೆ? ಇಬ್ಬರೂ ಕೂತು ಯೋಚಿಸಿದೆವು. ಶಾಲಾ ವರ್ಷ ಮುಗಿದೊಡನೆ ನಾನೂ ಮಗಳೂ ಉಡುಪಿಗೆ, ನನ್ನ ತವರಿಗೆ ಹೋಗುವುದು, ಅವರು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವುದು ಎಂದು ನಿಶ್ಚಯವಾಯಿತು. ನಮ್ಮ ಸುತ್ತ ಎಷ್ಟೋ ಸಂಸಾರಗಳು ಹಾಗೇ ನಡೆಯುತ್ತಿದ್ದವು. ಅದರಲ್ಲಿ ವಿಶೇಷವೇನೂ ಇಲ್ಲವೆಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಬಾಯಿಗೆ ಈ ಸುದ್ದಿ ಹೇಳಿದವಳು ನನ್ನ ಮಗಳು. ಮರುದಿನ ಅವರು ಬಾಳೆಲೆಯಲ್ಲಿ ಸುತ್ತಿದ, ಇಡ್ಲಿಯಂಥ ಸಾನ್ನಾಂ ಹಿಡಿದು ಕೆಳಗಿಳಿದು ಬಂದರು. ನೇರ ಕಾರಿನ ಹತ್ತಿರ ಹೋಗಿ, ಮಂಡಿಯೂರಿ ಕೂತು, ಬದನೆಕಾಯಿ ಎಳೆಯದೋ ಬಲಿತದ್ದೋ ನೋಡುವವರಂತೆ ಹಿಂದಿನ ಟೈರಿಗೆ ಉಗುರು ಒತ್ತಿ ನೋಡಿದರು. ಬಿಸಿಲಿಗೆ ಒಣಗಿ ಕಲ್ಲಾಗಿದೆ, ಇದರಲ್ಲಿ ಯಾರು ಓಡಿಸಿದರೂ ತಿರುಗುತ್ತದೆ ಎಂದರು. ನನ್ನವರು ಗಂಟಲು ಸರಿಮಾಡಿಕೊಂಡು, ಟೈರಿನ ಪಟ್ಟೆಗಳು ಇನ್ನೂ ಚೆನ್ನಾಗಿವೆಯಲ್ಲ ಬಾಯಿ ಎಂದರು. "ನನ್ನ ಹಲ್ಲೂ ಚೆನ್ನಾಗಿ ಕಾಣ್ತದೆ. ಕಟ್ಟಿಸಿದ್ದು" ಎಂದರು ಬಾಯಿ.

ಅದೇ ದಿನ ಸಂಜೆ ಪಕ್ಕದ ಮುಸಫ್ಫಾದ ಅಂಗಡಿಯಲ್ಲಿ ನಾಲ್ಕೂ ಚಕ್ರಕ್ಕೆ ಹೊಸ ಟೈರು ಹಾಕಿಸಿದೆವು. ಮಾರನೆಯ ದಿನ ಬಾಯಿ ಮಗನ ಕೈಯಲ್ಲಿ ಕುಚ್ಚಲಕ್ಕಿಯ ಎರಡು ಚೀಲ ಹೊರಿಸಿ ತಂದು ಡಿಕ್ಕಿಯಲ್ಲಿ ಹಾಕಿಸಿದರು. ಹಿಮದ ಊರಲ್ಲಿ ಇಂಥ ಕಾರಿನವರೆಲ್ಲ ಚಳಿಗಾಲಕ್ಕೆ ಡಿಕ್ಕಿಯಲ್ಲಿ ಮರಳು ಚೀಲ ಇಟ್ಟುಕೊಳ್ಳುತ್ತಿದ್ದರಂತೆ. ಹಿಂದಿನ ಚಕ್ರದ ಮೇಲೆ ಭಾರ ಬಿದ್ದರೆ ಅದು ನೆಲ ಕಚ್ಚಿಕೊಳ್ಳುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಅಕ್ಕಿ ಮೂಟೆಯೇ ಎಂದು ನನ್ನವರು ಸಂಕಟಪಟ್ಟರು. ಮಳೆಗೆ ಟೈರೇ ಮುಖ್ಯ, ಅಕ್ಕಿ ತನ್ನ ಸಮಾಧಾನಕ್ಕೆ ಎಂದು ಬಾಯಿಯೇ ಒಪ್ಪಿಕೊಂಡರು. ಆದರೆ ಮೂಟೆ ಇಳಿಸಲು ಬಿಡಲಿಲ್ಲ.

ನಮ್ಮ ಬೀದಿಯಾಚೆ ಹೊಸ ಬಡಾವಣೆಗೆಂದು ಹಾಕಿದ ರಸ್ತೆಗಳಿದ್ದವು. ಮನೆಗಳಿನ್ನೂ ಎದ್ದಿರಲಿಲ್ಲ. ಗಾಳಿಗೆ ಹಾರಿಬಂದ ನಯವಾದ ಮರಳು ಡಾಂಬರಿನ ಮೇಲೆ ಹಾಸಿಕೊಂಡಿತ್ತು. ತಮ್ಮ ಸೊಸೆಯನ್ನೇ ಕರೆದಂತೆ ಕರೆದು ಬಾಯಿ ನನ್ನನ್ನು ಅಲ್ಲಿಗೆ ಕರೆದೊಯ್ದರು. ನಾನು ಬರುವುದಿಲ್ಲವೆಂದೆ. ಸುಮ್ಮನೆ ಪಕ್ಕದಲ್ಲಿ ಕೂತುಕೋ ಎಂದರು. ಹೋಗುವಾಗ ಅವರೇ ಓಡಿಸಿದರು, ಬರಿಗಾಲಲ್ಲಿ. ಖಾಲಿ ರಸ್ತೆಗೆ ಬಂದೊಡನೆ ಇಳಿದು ಸುತ್ತು ಬಂದು ನನ್ನ ಬಾಗಿಲು ತೆರೆದು ನಿಂತರು.

"ಹಿಮ ಬಿಳಿ, ಇದು ಕಂದು. ಜಾರುವುದು ಎರಡೂ ಒಂದೇ. ಆ ಕಡೆ ಕೂತ್ಕೊ."

ಕಾರು ಜಾರದಂತೆ ಕಾಯುವ ಒಂದು ಬಟನ್ ಇದೆ. ಅದನ್ನು ಬಾಯಿ ಆಫ್ ಮಾಡಿ, ಇದು ಪಾಠದ ಹೊತ್ತಿಗೆ ಮಾತ್ರ, ಊರ ರಸ್ತೆಯಲ್ಲಿ ಇದನ್ನು ಮುಟ್ಟಿದರೆ ಕೈ ಮುರಿಯುತ್ತೇನೆಂದರು. ಆಮೇಲೆ ಬೇಕೆಂದೇ ಕಾರನ್ನು ಜಾರಿಸಲು ಹೇಳಿದರು. ನನ್ನ ಜೀವಮಾನದಲ್ಲಿ ಅಷ್ಟು ತಪ್ಪೆನಿಸುವ ಕೆಲಸ ಯಾರೂ ನನಗೆ ಹೇಳಿರಲಿಲ್ಲ. ತಿರುವಿನಲ್ಲಿ ಒತ್ತಿದೆ, ಕಾರು ಬಾಲ ಬೀಸಿತು, ನಾನು ಕಣ್ಣು ಮುಚ್ಚಿದೆ, ಧೂಳು ಎದ್ದಿತು. ಕಣ್ಣು ಬಿಟ್ಟರೆ ಬಾಯಿ ಸೆರಗಿನಿಂದ ಕನ್ನಡಕ ಒರೆಸುತ್ತಾ ಕೂತಿದ್ದರು.

"ಇದು ತಳ್ಳುಗಾಡಿ, ಮಾರಾಯ್ತಿ. ಹಿಂದಿನಿಂದ ತಳ್ಳುವವ ಅವಸರ ಮಾಡಿದ್ರೆ ಗಾಡಿ ಅಡ್ಡ ತಿರುಗ್ತದೆ. ಗಾಡಿಯದ್ದೆಂತ ತಪ್ಪು?"

ಹೆದರಿಕೆಯಾಗುತ್ತದೆ ಬಾಯಿ ಎಂದು ನಾನು ಅತ್ತೇಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದರು. ಆಮೇಲೆ ಹೇಳಿದ ಮಾತು ಇದು: "ಹೆದರಿಕೆ ಇರ್ಲಿ. ಕಾಲಿಗೆ ಮಾತ್ರ ಹೇಳ್ಬೇಡ."

ವಾರಗಟ್ಟಲೆ ಹೀಗೆ ನಡೆಯಿತು. ಜಾರಿದಾಗ ಬ್ರೇಕಿನ ಮೇಲೆ ಹಾರಬಾರದು, ಆಕ್ಸಿಲರೇಟರಿನಿಂದ ಕಾಲನ್ನು ಮಗು ಮಲಗಿದ ಕೋಣೆಯ ಬಾಗಿಲು ಎಳೆದುಕೊಂಡಷ್ಟು ಮೆಲ್ಲಗೆ ತೆಗೆಯಬೇಕು, ಗುದ್ದಬಹುದಾದ ಕಂಬವನ್ನು ಬಿಟ್ಟು, ಕಣ್ಣು ಹೋಗಬೇಕಾದ ದಾರಿಯನ್ನು ನೋಡಬೇಕು, ಕೈ ತಾನಾಗಿ ಕಣ್ಣಿನ ಹಿಂದೆ ಹೋಗುತ್ತದೆ. ಜಪಸರವನ್ನು ಕನ್ನಡಿಗೆ ನೇತುಹಾಕುವವರನ್ನು ಕಂಡರೆ ಬಾಯಿಗೆ ಆಗುತ್ತಿರಲಿಲ್ಲ. ಯೇಸುವಿಗೆ ದಾರಿ ಕಾಣುತ್ತದೆ, ಕಾಣಬೇಕಾದ್ದು ನಮಗೆ ಎಂದು ತಮ್ಮದನ್ನು ಪರ್ಸಿನಲ್ಲಿಟ್ಟುಕೊಳ್ಳುತ್ತಿದ್ದರು. ನಾನು ಓಡಿಸುವಾಗ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಒಂದು ಕೈ ಡ್ಯಾಶ್‌ಬೋರ್ಡಿನ ಮೇಲೆ, ಕಣ್ಣು ರಸ್ತೆಯ ಮೇಲೆ, ತುಟಿ ಬಿಗಿದು ಕೂತಿರುತ್ತಿದ್ದರು. ಪಾಠ ಮುಗಿದು ಕಾರು ನಿಂತ ಮೇಲೆಯೇ ಬೈಗುಳವೂ ಶಭಾಷೂ.

ಉಡುಪಿಯ ಶಾಲೆಗೆ ಬರೆದು ಕೇಳಿದ್ದ ಸೀಟು ಸಿಕ್ಕಿತೆಂದು ಅಪ್ಪ ಫೋನು ಮಾಡಿದ ದಿನ, ನಾನು ಮಗಳನ್ನು ಶಾಲೆಯಿಂದ ಕಾರಿನಲ್ಲಿ ಕರೆತಂದು ಆಗಷ್ಟೇ ನಿಲ್ಲಿಸಿದ್ದೆ. ಸೀಟು ಬೇಡವೆಂದು ಹೇಳುವಾಗ ನನ್ನ ದನಿಯಲ್ಲಿದ್ದ ಗಟ್ಟಿತನ ಕೇಳಿ ಅಪ್ಪನಿಗೆ ಆಶ್ಚರ್ಯವಾಯಿತು. ಹಾಗೆ ನಾವು ಅಲ್ಲೇ ಉಳಿದೆವು. ನಂತರದ ಮಳೆಗಳಲ್ಲಿ ನಾನು ಓಡಿಸಿದೆ. ಹೆದರಿಕೆ ಹೋಗಲಿಲ್ಲ. ಕಾಲಿಗೆ ಹೇಳಲಿಲ್ಲ, ಅಷ್ಟೆ.

ಕೆಲವು ವರ್ಷಗಳ ನಂತರ ಬಾಯಿಯ ಮಗನ ಕಂಪನಿ ಅವರನ್ನು ಮಸ್ಕತ್‌ಗೆ ವರ್ಗ ಮಾಡಿತು. ಜೊತೆಗೆ ಬರಲು ಮಗ ಕರೆದರೂ ಬಾಯಿ ಒಪ್ಪಲಿಲ್ಲ. ಮಂಗಳೂರಿನಲ್ಲಿ ತಂಗಿಯಿದ್ದರು, ಇಬ್ಬರೂ ಒಟ್ಟಿಗೆ ಜಗಳವಾಡಿಕೊಂಡು ಇರುತ್ತೇವೆಂದರು. ಅವರು ಹೊರಡುವ ದಿನ ಬೆಳಗಿನಿಂದಲೇ ಮಳೆ. ಆಫೀಸಿನ ಕಾಗದಗಳಿಗೆ ಕಡೆಯ ಸಹಿ ಹಾಕಲು ದುಬೈಗೆ ಹೋಗಿದ್ದ ಮಗ ನೀರು ತುಂಬಿದ ಅಂಡರ್‌ಪಾಸಿನ ಹಿಂದೆ ಸಾಲುಗಟ್ಟಿದ ವಾಹನಗಳ ನಡುವೆ ಸಿಕ್ಕಿಕೊಂಡರು. ಟ್ಯಾಕ್ಸಿಗೆ ಫೋನು ಮಾಡಿದರೆ ಎತ್ತುವವರೇ ಇಲ್ಲ. ವಿಮಾನದ ಹೊತ್ತು ಹತ್ತಿರವಾಗುತ್ತಿತ್ತು. ನಾನು ಕೀಲಿ ತೆಗೆದುಕೊಂಡೆ. ಡಿಕ್ಕಿ ತೆರೆದರೆ ಸೂಟ್‌ಕೇಸಿಗೆ ಜಾಗವಿಲ್ಲ.

"ಅಕ್ಕಿ ಇಳಿಸಿ ಇದನ್ನು ಹಾಕು" ಎಂದರು ಬಾಯಿ. "ಭಾರ ಯಾರದ್ದಾದ್ರೆ ಎಂತ."

ಹೆದ್ದಾರಿಗೆ ಬರುವ ಮೊದಲೇ ಮಗನ ಫೋನು ಬಂತು. ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು. ಕೊಂಕಣಿಯಲ್ಲಿ ಎಷ್ಟು ಮೃದುವಾದ ಮಾತು! ಬರಲಾಗದ್ದಕ್ಕೆ ಕ್ಷಮೆ ಕೇಳಿದರು, ಔಷಧಿ ಕೈಚೀಲದಲ್ಲಿದೆಯೇ ಎಂದು ವಿಚಾರಿಸಿದರು, ಮಾತಿಗೊಮ್ಮೆ 'ಬಾಯಿ' ಎಂದರು. ನಾವೆಲ್ಲ ಕರೆಯುವಂತೆಯೇ. ಅದು ಅವರ ಮನೆಯ ರೂಢಿಯೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಫೋನಿಟ್ಟ ಮೇಲೆ ಬಾಯಿ ಮಾತಾಡತೊಡಗಿದರು. ನಾನು ಓಡಿಸುವಾಗ ಅವರು ಮಾತಾಡಿದ್ದು ಅದೇ ಮೊದಲು.

"ಎಷ್ಟು ಮರ್ಯಾದೆ ನೋಡು. ಒಂದು ದಿನ ನನ್ನ ಮೇಲೆ ರೇಗಿದವನಲ್ಲ ಅವ. ಅವನನ್ನು ನನ್ನ ಅಮ್ಮನ ಕೈಗೆ ಕೊಟ್ಟು ನಾನು ಹಿಮದ ಊರಿಗೆ ಹೋದಾಗ ಹಾಲು ಕುಡಿಯುತ್ತಿದ್ದ. ವರ್ಷಕ್ಕೊಮ್ಮೆ ಬರ್ತಿದ್ದೆ. ನಾನು ಕೊನೆಗೆ ವಾಪಸ್ಸು ಬಂದಾಗ ಶಾಲೆಗೆ ಹೋಗ್ತಿದ್ದ. ನನ್ನ ಅಮ್ಮನಿಗೆ ಮಾಂಯ್, ತಾಯಿ, ಅಂತಿದ್ದ. ನನಗೆ ಎಲ್ಲರ ಹಾಗೆ ಬಾಯಿ."

ಹೆದ್ದಾರಿ ಸೇರುವ ತಿರುವಿನಲ್ಲಿ ನೀರು ನಿಂತಿತ್ತು. ಪಕ್ಕದ ಟ್ರಕ್ಕು ಎರಚಿದ ಕೆಸರು ಗಾಜನ್ನು ಮುಚ್ಚಿತು. ಹಿಂದಿನ ಚಕ್ರ ಮೆಲ್ಲಗೆ ಹೊರಗೆ ಸರಿದದ್ದು ನನ್ನ ಸೊಂಟಕ್ಕೆ ತಿಳಿಯಿತು. ಕಾಲು ಸಡಿಲಿಸಿದೆ. ಕಣ್ಣು ದಾರಿಯಲ್ಲಿತ್ತು. ಕಾರು ಒಮ್ಮೆ ಮೈ ಮುರಿದು ನೇರವಾಯಿತು. ಬಾಯಿ ಮಾತು ನಿಲ್ಲಿಸಲೇ ಇಲ್ಲ.

"ವರ್ಷಕ್ಕೊಮ್ಮೆ ಬರುವವರಿಗೆ ಮಕ್ಕಳು ಓಡಿ ಬಂದು ನೀರು ತಂದು ಕೊಡ್ತವೆ" ಎನ್ನುತ್ತಿದ್ದರು ಅವರು. "ಜಗಳ ಮಾಡುವುದಿಲ್ಲ. ನಿನ್ನ ಮಗಳು ಅವಳ ಅಪ್ಪನಿಗೆ ನೀರು ಕೊಡುವ ಹುಡುಗಿ ಆಗ್ಬಾರ್ದು ಅಂತ ನನಗೆ ಇತ್ತು. ಅದಕ್ಕೇ ನಿನ್ನನ್ನು ಆ ಮರಳಿಗೆ ಎಳ್ಕೊಂಡು ಹೋದದ್ದು."

ನಾನು ವೈಪರ್ ಜೋರು ಮಾಡಿ ದಾರಿ ನೋಡಿದೆ. ಓಡಿಸುವಾಗ ಮಾತಾಡಬಾರದೆಂದು ಕಲಿಸಿದವರು ಅವರೇ. ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡಾಗ ಅವರ ಕೊರಳಿನಿಂದ ಟಾಲ್ಕಂ ಪೌಡರಿನ ವಾಸನೆ ಬಂತು. ಟ್ರಾಲಿ ತಳ್ಳಿಕೊಂಡು ಒಳಗೆ ಹೋದವರು ತಿರುಗಿ ನೋಡಲಿಲ್ಲ. ಮಳೆ ನಿಂತ ಮೇಲೆ ಹೊರಡು ಎಂದೂ ಹೇಳಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದದ್ದು ಒಂದು ಶುಕ್ರವಾರ. ಮಸ್ಕತ್‌ನಿಂದ ಮಗ ಫೋನು ಮಾಡಿದ್ದರು. ನಿದ್ದೆಯಲ್ಲೇ ಹೋದರಂತೆ, ತಂಗಿ ಕಾಫಿ ತಂದಾಗ ಗೊತ್ತಾಯಿತಂತೆ. ಫೋನಿಟ್ಟು ನಾನು ಅಡುಗೆಮನೆಯಲ್ಲಿ ನಿಂತೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹಜಾರದಲ್ಲಿ ಹದಿಮೂರರ ಮಗಳಿಗೂ ಅವಳ ಅಪ್ಪನಿಗೂ ವಾಗ್ವಾದ ಹತ್ತಿತ್ತು, ಗೆಳತಿಯ ಮನೆಯಲ್ಲಿ ಉಳಿಯುವ ವಿಷಯಕ್ಕೆ. ಅವಳದು ಇಂಗ್ಲಿಷು, ಅವರದು ಕನ್ನಡ. ನಿಮಗೆ ಏನೂ ಅರ್ಥವಾಗುವುದಿಲ್ಲ ಎಂದಳು. ಹೌದು, ನಾನು ದಡ್ಡ ಎಂದರು ಅವರು. ದನಿಗಳು ಏರಿದವು, ಬಾಗಿಲೊಂದು ಧಡಾರನೆ ಬಡಿಯಿತು, ಮತ್ತೆ ತೆರೆಯಿತು, ಹೇಳದೆ ಉಳಿದಿದ್ದ ಇನ್ನೊಂದು ಮಾತು ಹೇಳಿ ಮತ್ತೆ ಬಡಿಯಿತು. ಬೇರೆ ದಿನವಾಗಿದ್ದರೆ ಬಿಡಿಸಲು ಓಡುತ್ತಿದ್ದೆ. ಅಂದು ಸಾರಿನ ಉರಿ ತಗ್ಗಿಸಿ, ಕಣ್ಣೊರೆಸಿಕೊಂಡು, ಜಗಳ ಮುಗಿಯುವವರೆಗೂ ಕೇಳುತ್ತಾ ನಿಂತೆ.