ಮೇಷ್ಟ್ರು ತೋರಿಸಿದ ಕೆಂಪು ಕಾರ್ಡು

ನಮ್ಮ ಪಿ.ಟಿ. ಮೇಷ್ಟ್ರಿಗೆ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳಿರಲಿಲ್ಲ. ಸೀಟಿಯನ್ನು ಬಾಯಿಯ ಮೂಲೆಯಲ್ಲಿ ಕಚ್ಚಿ ಊದುತ್ತಿದ್ದರು. ಆಗ ಒಂದು ಕೆನ್ನೆ ಮಾತ್ರ ಉಬ್ಬುತ್ತಿತ್ತು. ಪ್ರಾಯದಲ್ಲಿ ಹಾಕಿ ಆಡುವಾಗ ಎದುರಾಳಿ ಬೀಸಿದ ಸ್ಟಿಕ್ಕಿಗೆ ಆ ಹಲ್ಲುಗಳು ಹೋಗಿದ್ದವು. ಕಟ್ಟಿಸಿಕೊಳ್ಳಿ ಸಾರ್ ಅಂದರೆ, "ಇರ್ಲಿ ಬುಡ್ಲಾ, ನಿಮ್ಗೆ ಬಾಯ್ ತೆಗೆದು ತೋರ್ಸೋಕೆ ಬೇಕು" ಅನ್ನುತ್ತಿದ್ದರು.

ಸಾತನೂರಿನಿಂದ ಮೊದಲ ಬಸ್ಸಿಗೆ ಚನ್ನಪಟ್ಟಣಕ್ಕೆ ಬಂದು, ನಮ್ಮ ಹೈಸ್ಕೂಲಿನ ಮಣ್ಣು ಮೈದಾನದಲ್ಲಿ ನನ್ನ ಕೈಗೆ ಸ್ಟಿಕ್ ಕೊಟ್ಟವರು ಅವರು. ಆಟ ಮುಗಿದ ಮೇಲೆ ಡಬ್ಬಿಯಲ್ಲಿ ತಂದ ಹುರುಳಿಕಾಳಿನ ಉಸಲಿ ಹಂಚುತ್ತಿದ್ದರು, ನನಗೆ ಒಸಿ ಜಾಸ್ತಿ. ಅವರದು ಒಂದೇ ಕಟ್ಟಳೆ. "ಭುಜಕ್ಕಿಂತ ಮ್ಯಾಕೆ ಸ್ಟಿಕ್ ಎತ್ತಿ ಬೀಸೋನು ಆಟಗಾರ ಅಲ್ಲ ಕಣ್ಲಾ, ಮರ ಕಡಿಯೋನು." ಹಾಗೆ ಬೀಸಿದ್ದಕ್ಕೆ ಸ್ವಂತ ಮಗನನ್ನೇ ತಿಂಗಳು ಪೂರ್ತಿ ಹೊರಗೆ ಕೂರಿಸಿದ್ದರು.

ನಾನು ದೊಡ್ಡವನಾಗಿ, ಸಂಬಳಕ್ಕೆ ಆಡುವ ಲೀಗಿನಲ್ಲಿ ಹೆಸರಿದ್ದ ತಂಡವೊಂದರ ಡಿಫೆಂಡರ್ ಆದೆ. ಅದೇ ಲೀಗಿನಲ್ಲಿ ಮೇಷ್ಟ್ರು ಅಂಪೈರ್ ಆಗಿದ್ದರು.

ಸೆಮಿಫೈನಲ್ಲಿನಲ್ಲಿ ಮಾಗಡಿಯ ಫಾರ್ವರ್ಡ್ ಒಬ್ಬ ನನ್ನನ್ನು ಎರಡು ಸಲ ದಾಟಿಕೊಂಡು ಹೋದ. ಜನ ನಕ್ಕರು. ಮೂರನೇ ಸಲ ಅವನು ಚೆಂಡನ್ನು ಆಗಲೇ ಬೇರೆಯವನಿಗೆ ತಳ್ಳಿದ್ದ. ಗೊತ್ತಿದ್ದೂ ಬೀಸಿದೆ. ಸ್ಟಿಕ್ ಅವನ ಎಡಗಣ್ಣಿಗೆ ಬಿತ್ತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಂಡಿಯೂರಿದ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಮೇಷ್ಟ್ರು ಓಡಿ ಬಂದು ಕೆಂಪು ಕಾರ್ಡು ಎತ್ತಿದರು. ಹತ್ತಿರ ಬಂದು ನನಗೊಬ್ಬನಿಗೆ ಕೇಳುವಂತೆ ಹೇಳಿದರು: "ಬಾಲ್ ಹೋಗಿತ್ತು ಕಣ್ಲಾ. ನಾನು ನೋಡ್ದೆ."

ಬೇಕೆಂದೇ ಹೊಡೆದಿದ್ದಾನೆ, ಒಂದು ವರ್ಷ ಆಡಿಸಬಾರದು ಎಂದು ವರದಿ ಬರೆದರು. ಶಿಸ್ತು ಸಮಿತಿ ಕೂತಿತು.

"ಕಾಲು ಜಾರ್ತು ಸಾರ್" ಅಂದೆ.

ನಮ್ಮ ಮ್ಯಾನೇಜರ್ ಎದ್ದು, ಅಂಪೈರಿಗೆ ವಯಸ್ಸಾಗಿದೆ, ದೂರದ್ದು ಕಾಣುವುದಿಲ್ಲ ಎಂದ. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನು ಇವರ ಶಿಷ್ಯ ಅಂತಾರಲ್ಲ. ಮ್ಯಾನೇಜರ್ ಹೇಳಿದ್ದು ಹೌದೇನಪ್ಪ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಹೌದು ಸಾರ್. ಈಗೀಗ ಅವರಿಗೆ ಸರಿಯಾಗಿ ಕಾಣಲ್ಲ."

ಸೆಮಿಫೈನಲ್ಲಿನಲ್ಲಿ ಹೊರಗೆ ಹೋಗಿದ್ದೇ ಸಾಕು, ಇನ್ನು ಶಿಕ್ಷೆ ಬೇಡ ಎಂದರು ಸಮಿತಿಯವರು. ಅದೇ ಬೈಠಕ್ಕಿನಲ್ಲಿ, ರಾಮನಗರದ ರೇಷ್ಮೆಗೂಡಿನ ನೂಲು ಬಿಚ್ಚುವವರ ಮನೆಯ ಆಟಗಾರನೊಬ್ಬ ಸಿಟ್ಟಿನಲ್ಲಿ ಸ್ಟಿಕ್ ಎತ್ತಿ ಬೀಸಿದ್ದಕ್ಕೆ ಇಡೀ ಸೀಸನ್ ನಿಷೇಧ ಹಾಕಿದರು. ಅವನ ಸ್ಟಿಕ್ ಯಾರಿಗೂ ತಾಗಿರಲಿಲ್ಲ. ಅವನದು ಸಣ್ಣ ತಂಡ.

ಮೇಷ್ಟ್ರು ನಿಂತರು. "ಕಣ್ಣು ಹೋದ್ರೆ ಏನೂ ಇಲ್ಲ, ಗಾಳಿಗೆ ಹೊಡೆದ್ರೆ ಒಂದು ಸೀಸನ್. ಇದ್ಯಾವ ನ್ಯಾಯ ಸ್ವಾಮಿ?" ಅವರಿಗೆ ಹೊರಗೆ ಹೋಗಲು ಹೇಳಿದರು. ಮುಂದಿನ ಅಂಪೈರುಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ನಾನು ಫೈನಲ್ ಆಡಿದೆ, ಗೆದ್ದೆವು. ಮಾಗಡಿಯವನಿಗೆ ಆ ಕಣ್ಣು ಮತ್ತೆ ಬರಲಿಲ್ಲ. ಮೇಷ್ಟ್ರು ಅವನ ಮನೆಗೆ ಹೋಗಿಬರುತ್ತಿದ್ದರಂತೆ. ನಾನು ಹೋಗಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಸಾತನೂರಿಗೆ ಹೋದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಕೂರಲು ಹೇಳಿದರು. "ನಿನ್ ಮೇಲೆ ಒಂದು ಕೆಟ್ಟ ಮಾತು ಆಡ್ಲಿಲ್ಲ ಕಣಪ್ಪ" ಅಂದರು. ಚಾಪೆಯನ್ನು ನನ್ನ ಕಡೆ ಸರಿಸಿ, "ಅವತ್ತಿಂದ ನಿನ್ ಹೆಸರೇ ಎತ್ಲಿಲ್ಲ" ಅಂದರು.

ಚಟ್ಟಕ್ಕೆ ಹೆಗಲು ಕೊಡುವ ಹೊತ್ತಿಗೆ ಮುಂದೆ ಬಲಗಡೆ ಮಾಗಡಿಯವನಿದ್ದ. ಅವನ ಎಡಕ್ಕೆ ಜಾಗ ಖಾಲಿಯಿತ್ತು. ಎಡಗಣ್ಣಿಲ್ಲದ ಅವನು ಆ ಕಡೆ ಯಾರಿದ್ದಾರೆಂದು ಕಾಣದೆ, "ಒಸಿ ಹಿಡ್ಕಳಿ ಅಣ್ಣ" ಅಂದ.

ಹಿಡಿದೆ. ಗುಂಡಿ ತೋಡಿದ್ದ ಹೊಲದ ಬದುವಿನವರೆಗೂ ಜೊತೆಯಲ್ಲೇ ನಡೆದೆವು. ಮೇಷ್ಟ್ರು ಭಾರವಿರಲಿಲ್ಲ. ಇಳಿಸುವಾಗ ಅವನು ಇತ್ತ ತಿರುಗುತ್ತಾನೆಂದು ಗೊತ್ತಿತ್ತು. ಅದಕ್ಕೆ ಮೊದಲೇ ಇನ್ನೊಬ್ಬರ ಹೆಗಲಿಗೆ ದಾಟಿಸಿ, ಮೇಷ್ಟ್ರಿಗೆ ಮಣ್ಣು ಕೂಡ ಹಾಕದೆ, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ.