ಎದೆಲ್ಮಿರಾ ಒಪ್ಪದ ಶೀರ್ಷಿಕೆ

ಹೊಳೆ ದಂಡೆಯ ಸಾಲ್ತೊ ಊರಿನ ಕಿತ್ತಳೆ ಶೆಡ್ಡಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಹಣ್ಣಿಗೆ ಕಾಗದ ಸುತ್ತುತ್ತಿದ್ದವಳು ಎದೆಲ್ಮಿರಾ. ಅವಳ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಒಬ್ಬಳೇ ಮಗಳು ನೊಯೇಲಿಯಾಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ.

ಹುಡುಗಿಯನ್ನು ಶಾಲೆಗೆ ಸೇರಿಸಲು ಹೋದಾಗ, ‘ಕೈಸನ್ನೆ ಮಾಡಲು ಬಿಡಬೇಡಿ, ತುಟಿ ನೋಡಿಯೇ ಮಾತು ಕಲಿಯಲಿ’ ಎಂದು ಶಾಲೆಯವರು ಹೇಳಿ ಕಳಿಸಿದ್ದರು. ಎದೆಲ್ಮಿರಾ ದಿನವೂ ಮಗಳ ಎದುರು ಕೂತು, ಬಾಯಿ ಅಗಲಿಸಿ ‘ರೊಟ್ಟಿ’, ‘ನೀರು’ ಎಂದದ್ದೇ ಎಂದದ್ದು. ಮೊದಮೊದಲು ಹುಡುಗಿ ಅಮ್ಮನ ಹಲ್ಲು ನೋಡಿ ನಗುತ್ತಿದ್ದಳು. ಆಮೇಲೆ ನಗುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ಸೋರೆ ಬುರುಡೆಯಿಂದ ಯೆರ್ಬಾ ಎಲೆಯ ಕಷಾಯ ಹೀರುತ್ತ ಎದೆಲ್ಮಿರಾ ನನಗೆ ಹೇಳಿದಳು: “ಮೊಂತೆವಿದೇವೊ ಬಸ್ಸಲ್ಲಿ ಇಬ್ಬರು ಹೆಂಗಸರು ಬರೀ ಕೈಸನ್ನೆಯಲ್ಲೇ ಜಗಳ ಆಡ್ತಿದ್ರಂತೆ ಕಣೆ. ಜಗಳಕ್ಕೆ ಸಾಲೋಷ್ಟು ಮಾತು ಕೈಯಲ್ಲಿದೆ ಅಂದ್ರೆ, ಯಾರಾದ್ರೂ ಅದನ್ನ ಪುಸ್ತಕ ಮಾಡಿರ್ಬೇಕಲ್ವ?”

ಶನಿವಾರ ನನ್ನನ್ನೂ ಊರಿನ ಗ್ರಂಥಾಲಯಕ್ಕೆ ಎಳೆದುಕೊಂಡು ಹೋದಳು. ಪುಸ್ತಕಗಳ ವಿವರ ಬರೆದ ಕಾರ್ಡುಗಳನ್ನು ವಿಷಯವಾರು ಜೋಡಿಸಿಟ್ಟ ಕಪಾಟಿನಲ್ಲಿ ತಾನೇ ‘ಕೈ’ ಎಂಬ ಖಾನೆ ತೆಗೆದಳು.

“ಕೈಗವಸು ಹೊಲಿಯೋದು, ಕೈರೇಖೆ ನೋಡೋದು... ಇವರಿಗೆ ಕೈಯಲ್ಲಿ ಭವಿಷ್ಯ ಕಾಣತ್ತೆ, ಮಾತು ಕಾಣಲ್ಲ!”

ಗ್ರಂಥಪಾಲಕಿ ಒಫೇಲಿಯಾ ಎದ್ದು ಬಂದರು. ಯಾವುದಕ್ಕೂ ಅವಸರಪಡದ ಹೆಂಗಸು. “ಮೆಲ್ಲಗಮ್ಮಾ. ಇಲ್ಲಿ ಒಂದೊಂದು ವಿಷಯಕ್ಕೆ ಒಂದೇ ಹೆಸರು ಇಟ್ಟಿರ್ತಾರೆ. ನಿಮ್ಮ ಬಾಯಲ್ಲಿರೋ ಹೆಸರೇ ಇರಬೇಕು ಅಂತೇನಿಲ್ಲ. ಇದಕ್ಕೆ ಹತ್ತಿರದ ಪುಸ್ತಕ ಯಾವುದಾದ್ರೂ ನೋಡಿದೀರಾ?”

“ಕಿವಿ ರೋಗದ್ದೊಂದು ಇಲ್ಲಿಂದಲೇ ಒಯ್ದಿದ್ದೆ. ತಲೆಬುಡ ತಿಳೀಲಿಲ್ಲ.”

“ತಿಳೀದಿದ್ರೂ ಚಿಂತೆಯಿಲ್ಲ, ದಾರಿ ಹಿಡಿಯೋಕೆ ಅದೇ ಸಾಕು.”

ಒಫೇಲಿಯಾ ಆ ಪುಸ್ತಕದ ಕಾರ್ಡು ಹುಡುಕಿ ಅದರ ಬುಡದಲ್ಲಿ ಬೆರಳಿಟ್ಟರು. ಆ ಪುಸ್ತಕ ಯಾವ ಯಾವ ವಿಷಯಗಳ ಕೆಳಗೆ ಸೇರಿದೆಯೆಂದು ಅಲ್ಲಿ ಸಣ್ಣಗೆ ಟೈಪು ಮಾಡಿತ್ತು. ಒಂದು ‘ಕಿವುಡುತನ’. ಆ ಖಾನೆ ತೆಗೆದರೆ ಮುಂದಿನ ದಾರಿ ಸಿಕ್ಕಿತು: ‘ಇದನ್ನೂ ನೋಡಿ: ಕಿವುಡಮೂಗರು, ಶಿಕ್ಷಣ.’ ಅಲ್ಲಿ, ಕೈಭಾಷೆಯ ಚಿತ್ರಗಳಿರುವ ಪುಸ್ತಕವೊಂದರ ಕಾರ್ಡು ಇತ್ತು.

ನಾನು ಖುಷಿಯಿಂದ ಅವಳ ಭುಜ ತಟ್ಟಿದೆ. ಅವಳ ಮುಖ ಮಾತ್ರ ಕಪ್ಪಿಟ್ಟಿತ್ತು.

“ನನ್ನ ಮಗಳು ಮೂಗಿ ಅಲ್ಲ” ಎಂದಳು. ಖಾನೆ ಮುಚ್ಚಿ ಹೊರಟೇ ಹೋದಳು.

ಆ ವಾರ ಒಂದು ಸಂಜೆ ನೊಯೇಲಿಯಾ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳಂತೆ. ನೋವು ಎಲ್ಲಿ, ಹೇಗೆ ಎಂದು ಕೇಳಲು ಅಮ್ಮನಿಗೆ ಗೊತ್ತಿಲ್ಲ, ಹೇಳಲು ಮಗಳಿಗೆ ಗೊತ್ತಿಲ್ಲ. ಮರುದಿನ ಕೆಲಸ ಮುಗಿದದ್ದೇ ಎದೆಲ್ಮಿರಾ ಏಪ್ರನ್ನಿನಲ್ಲೇ ಗ್ರಂಥಾಲಯಕ್ಕೆ ಹೋದಳು. ನಾನೂ ಹಿಂದೆಯೇ ನಡೆದೆ.

“ಪುಸ್ತಕ ಕೊಡಿ. ಆ ಹೆಸರು ಮಾತ್ರ ಕಿತ್ತುಹಾಕಿ.”

“ಹೆಸರು ಬದಲಾಯಿಸೋದು ರಾಜಧಾನಿ ಮೊಂತೆವಿದೇವೊದ ದೊಡ್ಡ ಗ್ರಂಥಾಲಯದವರ ಕೈಲಿದೆ” ಎಂದರು ಒಫೇಲಿಯಾ. “ಕಾಗದ ಬರೀತೀನಿ, ಒಪ್ತಾರೋ ಇಲ್ವೋ. ಆದ್ರೆ ಇನ್ನೊಬ್ಬರು ನಿಮ್ಮ ಹಾಗೆ ಅಲೆಯದ ಹಾಗೆ ಮಾಡಬಲ್ಲೆ. ಇದನ್ನ ನೀವು ಏನಂತ ಕರೀತೀರಿ?”

“ಕೈಮಾತು.”

ಒಫೇಲಿಯಾ ಹೊಸ ಕಾರ್ಡು ಟೈಪು ಮಾಡಿದರು: ‘ಕೈಮಾತು’. ಅದರ ಕೆಳಗೆ, ಪುಸ್ತಕಕ್ಕಾಗಿ ಯಾವ ಖಾನೆ ನೋಡಬೇಕೆಂಬ ಸೂಚನೆ. ಎದೆಲ್ಮಿರಾ ತಾನೇ ಅದನ್ನು ಖಾನೆಗೆ ಸೇರಿಸಿದಳು. ರಾಜಧಾನಿಯಿಂದ ಉತ್ತರ ಬರಲಿಲ್ಲ. ‘ಕಿವುಡಮೂಗರು’ ಎಂಬ ಆ ಹಳೆಯ ಶೀರ್ಷಿಕೆ ಹೋದದ್ದು ಎಷ್ಟೋ ಕಾಲದ ಮೇಲೆ, ಕಪಾಟಿನ ಜಾಗಕ್ಕೆ ಕಂಪ್ಯೂಟರು ಬಂದಾಗ.

ತಾಯಿ ಮಗಳು ಪುಸ್ತಕ ಹರಡಿಕೊಂಡು ಒಂದೊಂದೇ ಚಿತ್ರ ಕಲಿತರು. ‘ಹಸಿವು’, ‘ನೋವು’, ‘ಬೇಡ’. ‘ಬೇಡ’ ಕಲಿತ ಮೇಲೆ ಹುಡುಗಿ ಅದನ್ನು ಬಿಡಲೇ ಇಲ್ಲ. ಮುಂದೆ ಹೊಳೆಯಾಚೆಯ ಕೊಂಕೊರ್ದಿಯಾ ಊರಿನಿಂದ ಬಂದ ಮೀನುಗಾರನೊಬ್ಬ, ಕಿವಿ ಕೇಳದ ಮಗನ ತಂದೆ, ಆ ಕಾರ್ಡಿನಿಂದಲೇ ಪುಸ್ತಕ ಪತ್ತೆ ಹಚ್ಚಿದ. ಒಫೇಲಿಯಾ ಅವನನ್ನು ಎದೆಲ್ಮಿರಾಳ ಮನೆಗೆ ಕಳಿಸಿದರು. ಬರಬರುತ್ತಾ ಭಾನುವಾರಗಳಲ್ಲಿ ಅವಳ ಅಂಗಳದಲ್ಲಿ ಕೆಲವು ಮನೆಯವರು ಸೇರತೊಡಗಿದರು. ಅಲ್ಲಿ ಮಾಂಸ ಸುಡುವ ಸದ್ದು ಬಿಟ್ಟರೆ ಹೆಚ್ಚು ಗದ್ದಲವಿರುತ್ತಿರಲಿಲ್ಲ, ಮಾತು ಮಾತ್ರ ಮುಗಿಯುತ್ತಿರಲಿಲ್ಲ.

ಎಳೆಯ ಮಕ್ಕಳಿಗೆ ಕಲಿಸುವವಳು ನೊಯೇಲಿಯಾ. ಅಮ್ಮನ ತಪ್ಪನ್ನೂ ಎಲ್ಲರೆದುರೇ ತಿದ್ದುತ್ತಿದ್ದಳು.

“ನೋಡೇ, ನನ್ನ ಕೈಗೆ ಹಳ್ಳಿ ಉಚ್ಚಾರ ಅಂತೆ!” ಎಂದು ಎದೆಲ್ಮಿರಾ ನನಗೆ ದೂರು ಹೇಳಿದಳು, ಮುಖವೆಲ್ಲ ಅರಳಿಸಿಕೊಂಡು.